ಜಪಾನೀ ಚಿತ್ರೋತ್ಸವವೂ ರಸವಿಘ್ನಗಳೂ

ಈ ಪತ್ರಿಕೆಯಲ್ಲಿ ಶಾಸನಪಾಠ, ಛಂದಸ್ಸು, ಗ್ರಂಥಸಂಪಾದನೆ ಮೊದಲಾದ ವಿಷಯಗಳನ್ನು ಓದಿ ರೂಢಿಯಾದ ವಾಚಕರು ಮೇಲಣ ಶಿರೋನಾಮವನ್ನು ಕಂಡು ಹುಬ್ಬೇರಿಸಿದರೆ ಅದು ಅವರ ತಪ್ಪಲ್ಲ. ಪಾಠಶಾಲೆಯಲ್ಲಿ ಕೌಮುದಿಯನ್ನೂ ಕಾವ್ಯಪ್ರಕಾಶವನ್ನೂ ಓದಿ, ನರಗುಂದದಂತಹ ಊರಿನಲ್ಲಿ ಮಕ್ಕಳಿಗೆ ಕನ್ನಡ ಸಂಸ್ಕೃತಗಳನ್ನು ಹೇಳಿಕೊಡುತ್ತ ಐವತ್ತು ದಾಟಿದವನಿಗೆ ಜಪಾನೀ ಚಲಚ್ಚಿತ್ರದ ಗೊಡವೆ ಏತಕ್ಕೆಂದು ಕೇಳುವವರುಂಟು. ನನ್ನ ಮನೆಯಲ್ಲಿಯೇ ಕೇಳಿದ್ದಾರೆ. ಭರತಮುನಿಯು ನಾಟ್ಯವನ್ನು ಕಣ್ಣಿಗೂ ಕಿವಿಗೂ ಒಪ್ಪುವ ಆಟವೆಂದು ನಿರೂಪಿಸಿದಾಗ ಆ ಕಣ್ಣು ಯಾವ ದೇಶದ್ದು, ಆ ಕಿವಿ ಯಾವ ಭಾಷೆಯದು ಎಂದು ಗೆರೆ ಎಳೆಯಲಿಲ್ಲ. ದೃಶ್ಯಕಾವ್ಯದ ಲಕ್ಷಣವನ್ನು ಓದಿದವನು ತನ್ನ ಕಾಲದ ದೃಶ್ಯಕಾವ್ಯವನ್ನು ನೋಡದೆ ಇರುವುದೇ ಹೆಚ್ಚಿನ ವಿಚಿತ್ರವೆಂದು ನನಗೆ ತೋರುತ್ತದೆ.

ಪ್ರಕೃತ ವಿಷಯವಿದು. ಜಪಾನಿನ ಸಂಸ್ಕೃತಿಯನ್ನು ಹೊರದೇಶಗಳಲ್ಲಿ ಪ್ರಚುರಪಡಿಸಲೆಂದು ೧೯೭೨ರಲ್ಲಿ ಸ್ಥಾಪಿತವಾದ ಜಪಾನ್ ಫೌಂಡೇಶನ್ ಎಂಬ ಸಂಸ್ಥೆಯು ೨೦೧೭ರಿಂದ ನಮ್ಮ ದೇಶದ ದೊಡ್ಡ ನಗರಗಳಲ್ಲಿ ಜಪಾನೀ ಚಿತ್ರೋತ್ಸವವನ್ನು ನಡಸುತ್ತ ಬಂದಿದೆ. ಬೆಂಗಳೂರೂ ಆ ಸಾಲಿಗೆ ಸೇರಿದೆ. ವ್ಯಾಧಿಯ ಕಾಲದಲ್ಲಿ ಉತ್ಸವವು ಮನೆಮನೆಯ ಯಂತ್ರಗಳಿಗೇ ಇಳಿದುಬಂದಿತು; ೨೦೨೨ರ ಫೆಬ್ರವರಿಯಲ್ಲಿ ನಾನು ಅದನ್ನು ಮೊದಲು ಕಂಡದ್ದು ಹಾಗೆಯೇ, ಮಗನ ಕೈಯಂತ್ರದಲ್ಲಿ. ಇದಲ್ಲದೆ ಬೆಂಗಳೂರಿನಲ್ಲಿ ೨೦೦೫ರಿಂದ ‘ಜಪಾನ್ ಹಬ್ಬ’ವೆಂಬ ಹೆಸರಿನ ಮೇಳವೊಂದು ನಡೆದುಬಂದಿದೆ, ಹಬ್ಬವೆಂಬ ಅಚ್ಚಗನ್ನಡದ ಮಾತನ್ನು ಅವರು ಆರಿಸಿಕೊಂಡದ್ದು ನನಗೆ ಸಂತೋಷವನ್ನು ಕೊಟ್ಟಿತು. ಇಂತಹ ಉತ್ಸವಗಳು ರಾಜ್ಯರಾಜ್ಯಗಳ ಸ್ನೇಹಕ್ಕಾಗಿ ನಡೆಯುವ ಉಪಚಾರಗಳೆಂದೂ, ಅವುಗಳಲ್ಲಿ ವಿಮರ್ಶಕನಿಗೆ ಕೆಲಸವಿಲ್ಲವೆಂದೂ ಹೇಳುವರು. ಉಪಚಾರವೇ ಇರಲಿ, ಅತಿಥಿಯು ತಂದ ಹಣ್ಣು ಹುಳಿಯೋ ಸಿಹಿಯೋ ಎಂದು ತಿಂದು ಹೇಳುವುದು ಅವಿನಯವಲ್ಲ. ಆದಕಾರಣ ನಾನು ಕೇಳುವ ಪ್ರಶ್ನೆ ಒಂದೇ: ಈ ಉತ್ಸವದಿಂದ ಕನ್ನಡದ ಸಹೃದಯನಿಗೆ ರಸವು ದಕ್ಕುವುದೇ? ದಕ್ಕದಿದ್ದರೆ ಅಡ್ಡ ನಿಂತಿರುವುದು ಯಾವುದು?

ಇದಕ್ಕೆ ಉತ್ಸವದ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡಬೇಕು. ಜಪಾನೀ ಚಿತ್ರವೂ ಚಿತ್ರೋತ್ಸವವೂ ಬಲವಾಗಿ ಗಂಟುಬಿದ್ದದ್ದು ೧೯೫೧ರಲ್ಲಿ, ಇಟಲಿಯ ವೆನಿಸ್ ನಗರದಲ್ಲಿ. ಅಕಿರಾ ಕುರೋಸಾವಾ ಎಂಬ ನಿರ್ದೇಶಕನು ಅದರ ಹಿಂದಿನ ವರ್ಷ ‘ರಾಶೋಮನ್’ ಎಂಬ ಚಿತ್ರವನ್ನು ತೆಗೆದಿದ್ದನು. ಅಕುತಗಾವಾ ಎಂಬ ಕತೆಗಾರನ ಎರಡು ಸಣ್ಣ ಕತೆಗಳನ್ನು ಹೆಣೆದು ಮಾಡಿದ ಚಿತ್ರವದು; ಒಂದರಿಂದ ಪಾಳುಬಿದ್ದ ಮಹಾದ್ವಾರವೂ, ಇನ್ನೊಂದರಿಂದ ಕಾಡಿನಲ್ಲಿ ನಡೆದ ಕೊಲೆಯೂ ಬಂದಿವೆ. ಚಿತ್ರವನ್ನು ತಯಾರಿಸಿದ ಮಂಡಲಿಯ ಅಧ್ಯಕ್ಷನಿಗೇ ಅದು ತಿಳಿಯಲಿಲ್ಲವಂತೆ. ಜಪಾನಿನಲ್ಲಿ ನೆಲಸಿದ್ದ ಜೂಲಿಯಾನಾ ಸ್ತ್ರಾಮಿಜೋಲಿ ಎಂಬ ಇಟಲಿಯ ವಿದುಷಿಯೊಬ್ಬಳು ಆ ಚಿತ್ರವನ್ನು ಕಂಡು ಮೆಚ್ಚಿ ವೆನಿಸಿಗೆ ಕಳುಹುವಂತೆ ಸೂಚಿಸಿದಳು. ಅದು ಸ್ಪರ್ಧೆಯಲ್ಲಿದೆಯೆಂಬುದು ಕುರೋಸಾವಾನಿಗೂ ಗೊತ್ತಿರಲಿಲ್ಲ. ಅವನು ಒಂದು ದಿನ ಹೊಳೆಗೆ ಮೀನು ಹಿಡಿಯಹೋಗಿ, ಗಾಳದ ದಾರ ಹರಿದುಹೋಗಲು ಬೇಸರದಿಂದ ಮನೆಗೆ ಮರಳಿದಾಗ, ಉತ್ಸವದ ಪರಮ ಪ್ರಶಸ್ತಿಯಾದ ಸ್ವರ್ಣಸಿಂಹವು ನಿನಗೆ ಬಂದಿದೆ ಎಂದು ಹೆಂಡತಿ ಹೇಳಿದಳಂತೆ. ಇದನ್ನು ಅವನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಹೊರಗಿನವರು ಹೊಗಳಿದ ಮೇಲೆಯೇ ನಮ್ಮವರು ನಮ್ಮದನ್ನು ಕಣ್ಣೆತ್ತಿ ನೋಡುವರೆಂದು ಅಲ್ಲಿಯೇ ಕೊರಗಿಯೂ ಇದ್ದಾನೆ. ಹಿತ್ತಲ ಗಿಡ ಮದ್ದಲ್ಲವೆಂಬ ನಮ್ಮ ಗಾದೆ ಅವನ ಊರಿಗೂ ಸಲ್ಲುವುದೆಂದು ತಿಳಿದು ಒಂದು ಬಗೆಯ ಸಮಾಧಾನವಾಯಿತು.

ಅಲ್ಲಿಂದ ಮುಂದೆ ಮೂರು ನಾಲ್ಕು ವರ್ಷಗಳಲ್ಲಿಯೇ ಮಿಝೋಗುಚಿ, ಕಿನುಗಾಸಾ ಮೊದಲಾದವರ ಚಿತ್ರಗಳು ವೆನಿಸ್, ಕಾನ್ ಉತ್ಸವಗಳಲ್ಲಿ ಪ್ರಶಸ್ತಿಗಳನ್ನು ಪಡೆದವು. ಜಪಾನೀ ಚಿತ್ರವು ಲೋಕಕ್ಕೆ ಪರಿಚಿತವಾದದ್ದು ಅಂಗಡಿಯ ಬಾಗಿಲಿನಿಂದಲ್ಲ, ಉತ್ಸವದ ಬಾಗಿಲಿನಿಂದ ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ನಮ್ಮ ದೇಶಕ್ಕೂ ಅದು ಅದೇ ದಾರಿಯಿಂದ ಬಂದಿತು. ೧೯೫೨ರ ಜನವರಿ ೨೪ರಂದು ಮುಂಬಯಿಯಲ್ಲಿ ಮೊದಲಾದ ಭಾರತದ ಪ್ರಥಮ ಅಂತರರಾಷ್ಟ್ರೀಯ ಚಿತ್ರೋತ್ಸವವು ಬಳಿಕ ಮದರಾಸು ಮೊದಲಾದ ನಗರಗಳಿಗೂ ಹೋಯಿತು. ಅದರಲ್ಲಿ ಜಪಾನೀ ಚಿತ್ರವೂ ಇದ್ದಿತು. ಆ ಕಾಲದಲ್ಲಿಯೇ ವೀಣಾವಾದನದಲ್ಲಿ ಪ್ರಖ್ಯಾತರಾದ ಎಸ್. ಬಾಲಚಂದರ್ ಅವರು ಉತ್ಸವವೊಂದರಲ್ಲಿ ‘ರಾಶೋಮನ್’ ನೋಡಿ ಬೆರಗಾಗಿ, ೧೯೫೪ರಲ್ಲಿ ‘ಅಂದ ನಾಳ್’ ಎಂಬ ತಮಿಳು ಚಿತ್ರವನ್ನು ತೆಗೆದರು. ಒಬ್ಬನ ಕೊಲೆ, ಅದನ್ನು ಕುರಿತು ಹಲವರ ಹೇಳಿಕೆ. ಹಾಡು ಒಂದೂ ಇಲ್ಲ. ಆ ಚಿತ್ರದಲ್ಲಿ ಹತನಾದವನ ಹೆಂಡತಿಯ ಪಾತ್ರವನ್ನು ವಹಿಸಿದವರು ನಮ್ಮ ಭಟ್ಕಳದ ಪಂಡರೀಬಾಯಿಯವರು; ಅದೇ ೧೯೫೪ರ ‘ಬೇಡರ ಕಣ್ಣಪ್ಪ’ದ ನಾಯಿಕೆಯೂ ಅವರೇ. ಒಂದು ಉತ್ಸವದಲ್ಲಿ ಬಿದ್ದ ಬೀಜವು ಎರಡು ವರ್ಷದೊಳಗಾಗಿ ನೆರೆಮನೆಯ ಅಂಗಳದಲ್ಲಿ ಮೊಳೆತು, ನಮ್ಮ ಮನೆಯ ಹೆಣ್ಣುಮಗಳ ಕೈಯಿಂದ ನೀರು ಕುಡಿಯಿತು. ಉತ್ಸವಗಳು ವ್ಯರ್ಥವೆನ್ನುವವರಿಗೆ ಇಷ್ಟು ಉತ್ತರ ಸಾಕು.

ಈಗ ಶಾಸ್ತ್ರಕ್ಕೆ ಬರೋಣ. ಅಭಿನವಗುಪ್ತಾಚಾರ್ಯನು ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ರಸಪ್ರತೀತಿಗೆ ಏಳು ವಿಘ್ನಗಳನ್ನು ಹೇಳಿರುವನೆಂಬುದು ಈ ಪತ್ರಿಕೆಯ ವಾಚಕರಿಗೆ ವಿದಿತವೇ ಸರಿ. ಏಳನ್ನೂ ಇಲ್ಲಿ ಎಳೆಯುವ ಅಗತ್ಯವಿಲ್ಲ. ಮೂರು ಮಾತ್ರ ನಮಗೆ ಬೇಕು: ಕಂಡದ್ದು ಇಂಥ ದೇಶದ, ಇಂಥ ಕಾಲದ, ಇಂಥವರ ಸುಖದುಃಖವೆಂಬ ಭಾವನೆಯಲ್ಲಿಯೇ ಮನಸ್ಸು ಸಿಕ್ಕಿಕೊಳ್ಳುವುದು ಒಂದು, ಪ್ರತೀತಿಗೆ ಬೇಕಾದ ಉಪಾಯಗಳೇ ಊನವಾಗಿರುವುದು ಇನ್ನೊಂದು, ಸಂಶಯಯೋಗವು ಮತ್ತೊಂದು. ಪರದೇಶದ ಚಿತ್ರವನ್ನು ನೋಡುವವನಿಗೆ ಈ ಮೂರೂ ಏಕಕಾಲದಲ್ಲಿ ಎದುರಾಗುತ್ತವೆ. ಕೊನೆಯದನ್ನು ಮೊದಲು ತೆಗೆದುಕೊಳ್ಳುವೆನು. ಏಕೆಂದರೆ ಅದು ಉತ್ಸವದ್ದಲ್ಲ, ಚಿತ್ರದ್ದೇ ಆದ ತೊಡಕು.

‘ರಾಶೋಮನ್’ ಚಿತ್ರದ ಕಥೆ ಸಂಶಯದಿಂದ ಮೊದಲಾಗಿ ಸಂಶಯದಲ್ಲಿಯೇ ನಿಲ್ಲುತ್ತದೆ. ಕಾಡಿನಲ್ಲಿ ಒಬ್ಬ ಯೋಧನು ಸತ್ತಿದ್ದಾನೆ, ಅವನ ಹೆಂಡತಿಯ ಮಾನಭಂಗವಾಗಿದೆ, ದರೋಡೆಗಾರನೊಬ್ಬನು ಸೆರೆಸಿಕ್ಕಿದ್ದಾನೆ. ದರೋಡೆಗಾರನು ಒಂದು ಹೇಳುತ್ತಾನೆ, ಹೆಂಡತಿ ಒಂದು ಹೇಳುತ್ತಾಳೆ, ಸತ್ತವನು ಮಾಟಗಾತಿಯೊಬ್ಬಳ ಬಾಯಿಂದ ಇನ್ನೊಂದು ಹೇಳುತ್ತಾನೆ, ಮರೆಯಿಂದ ನೋಡಿದ ಸೌದೆಯವನು ಬೇರೊಂದು ಹೇಳುತ್ತಾನೆ. ನಾಲ್ಕೂ ಒಂದಕ್ಕೊಂದು ಹೊಂದುವುದಿಲ್ಲ. ಸಂಶಯವು ರಸಕ್ಕೆ ವಿಘ್ನವಾಗಿದ್ದರೆ ಈ ಚಿತ್ರವು ಆಮೂಲಾಗ್ರವಾಗಿ ವಿಘ್ನವೇ ಆಗಬೇಕು. ಆದರೂ ನೋಡಿದವರ ಮನಸ್ಸು ಕಲಕುತ್ತದೆ. ಶಾಸ್ತ್ರವು ತಪ್ಪೇ, ಅನುಭವವು ತಪ್ಪೇ?

ಎರಡೂ ತಪ್ಪಲ್ಲವೆಂದು ನನ್ನ ಅಭಿಪ್ರಾಯ. ಆಚಾರ್ಯನು ಹೇಳಿದ ಸಂಶಯವು ಭಾವದ ವಿಷಯದ್ದು. ಕಣ್ಣೀರು ಆನಂದದಿಂದ ಬಂದೀತು, ಕಣ್ಣುಬೇನೆಯಿಂದಲೂ ಬಂದೀತು. ಹುಲಿಯನ್ನು ಕಂಡು ಒಬ್ಬನಿಗೆ ಭಯ, ಇನ್ನೊಬ್ಬನಿಗೆ ಕ್ರೋಧ. ವಿಭಾವಾದಿಗಳು ಒಂದುಗೂಡಿ ಇಂಥ ಸ್ಥಾಯಿಯೆಂದು ನಿಶ್ಚಯವಾಗದಿದ್ದರೆ ರಸವಿಲ್ಲ. ಕುರೋಸಾವಾನ ಚಿತ್ರದಲ್ಲಿ ಸಂಶಯವಿರುವುದು ಇತಿವೃತ್ತದಲ್ಲಿ, ಸ್ಥಾಯಿಯಲ್ಲಲ್ಲ. ದರೋಡೆಗಾರನ ಹೇಳಿಕೆಯಲ್ಲಿ ಕತ್ತಿಯ ಕಾಳಗವು ವೀರಕ್ಕೆ ತಕ್ಕಂತೆ ಉಜ್ಜ್ವಲವಾಗಿದೆ. ಇಬ್ಬರೂ ಸಮಬಲರು, ಹೆಜ್ಜೆ ತಪ್ಪುವುದಿಲ್ಲ. ಸೌದೆಯವನ ಹೇಳಿಕೆಯಲ್ಲಿ ಅದೇ ಇಬ್ಬರು, ಅದೇ ಕತ್ತಿ, ಅದೇ ಕಾಡು. ಆದರೆ ಕೈ ನಡುಗುತ್ತದೆ, ಕಾಲು ಜಾರುತ್ತದೆ, ಏದುಸಿರು ಬಿಡುತ್ತ ಎಲೆಗಳ ಮೇಲೆ ತೆವಳುತ್ತಾರೆ. ವೀರವು ಹೋಗಿ ಹಾಸ್ಯವೂ ಅದರ ಬೆನ್ನಿಗೆ ಬೀಭತ್ಸವೂ ಬಂದಿವೆ. ಪ್ರತಿಯೊಂದು ಹೇಳಿಕೆಯೊಳಗೂ ಭಾವವು ಸ್ಫುಟ. ಹೇಳಿಕೆಗಳ ನಡುವೆ ಮಾತ್ರ ಸಂಶಯ. ನಾಲ್ಕು ಏಕಾಂಕಗಳನ್ನು ಒಂದೇ ವಸ್ತುವಿನ ಮೇಲೆ ಬರೆದಂತಾಯಿತು. ಶಾಸ್ತ್ರಕ್ಕೆ ಭಂಗವಿಲ್ಲ, ಶಾಸ್ತ್ರವನ್ನು ಇದಕ್ಕೆ ಅನ್ವಯಿಸಿದವರು ಕಡಮೆ, ಅಷ್ಟೆ.

ಮತ್ತೊಂದು ಸಂಗತಿಯನ್ನು ಹಲವರು ಗಮನಿಸಿಲ್ಲ. ಲೋಕದಲ್ಲಿ ಆರೋಪಿಯು ಸುಳ್ಳು ಹೇಳುವುದು ತಪ್ಪಿಸಿಕೊಳ್ಳುವುದಕ್ಕೆ. ಇಲ್ಲಿ ಹಾಗಲ್ಲ. ನಾನೇ ಕೊಂದೆನೆಂದು ದರೋಡೆಗಾರನು ಹೆಮ್ಮೆಪಡುತ್ತಾನೆ. ಕಠಾರಿ ನನ್ನ ಕೈಯಲ್ಲಿದ್ದಿತು, ಎಚ್ಚರ ತಪ್ಪಿದೆನು, ಕಣ್ಣು ತೆರೆದಾಗ ಅವನು ಸತ್ತಿದ್ದನು ಎಂದು ಹೆಂಡತಿ ಅಳುತ್ತಾಳೆ. ನಾನೇ ಇರಿದುಕೊಂಡು ಸತ್ತೆನೆಂದು ಸತ್ತವನು ಹೇಳುತ್ತಾನೆ. ಮೂವರೂ ಕೊಲೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುವರು. ಅಪರಾಧಿಯೆನಿಸಿಕೊಂಡರೂ ಚಿಂತೆಯಿಲ್ಲ, ಅಲ್ಪನೆನಿಸಿಕೊಳ್ಳಬಾರದು ಎಂಬುದೇ ಇವರ ಹಟ. ಎಲ್ಲ ರಸಗಳ ಮೂಲವು ಅಹಂಕಾರವೇ, ಅಭಿಮಾನವೇ ಎಂದು ಧಾರಾನಗರದ ಭೋಜರಾಜನು ಶೃಂಗಾರಪ್ರಕಾಶದಲ್ಲಿ ಪ್ರತಿಪಾದಿಸಿದನಷ್ಟೆ. ಆ ಮತವನ್ನು ವಿದ್ಯಾರ್ಥಿಗಳಿಗೆ ಬೋಧಿಸುವಾಗ ನಾನು ಎಷ್ಟೋ ವರ್ಷ ತಕ್ಕ ಉದಾಹರಣೆಗಾಗಿ ಪರದಾಡಿದ್ದೇನೆ. ಸತ್ತ ಮೇಲೆಯೂ ಬಿಡದ ಅಭಿಮಾನವನ್ನು ಮಾಟಗಾತಿಯ ಬಾಯಿಂದ ಕೇಳಿದ ದಿನ ಆ ಪರದಾಟ ಮುಗಿಯಿತು. ನ್ಯಾಯಾಧಿಪತಿಯನ್ನು ಚಿತ್ರದಲ್ಲಿ ತೋರಿಸಿಯೇ ಇಲ್ಲ. ಅವನ ಧ್ವನಿಯೂ ಇಲ್ಲ. ಸಾಕ್ಷಿಗಳು ನಮ್ಮ ಕಡೆಗೆ ಮುಖ ಮಾಡಿ ಕುಳಿತು ನಮಗೇ ಹೇಳುತ್ತಾರೆ. ಯಾರ ಮಾತು ಆಪ್ತವಾಕ್ಯವೆಂದು ನಿರ್ಣಯಿಸುವ ಭಾರವು ಸಭಿಕನ ಮೇಲೆಯೇ ಬೀಳುತ್ತದೆ.

ನರಗುಂದದವರಿಗೆ ಈ ಭಾರವು ಹೊಸದಲ್ಲ. ೧೮೫೮ರಲ್ಲಿ ನಮ್ಮ ಸಂಸ್ಥಾನದ ಬಾಬಾಸಾಹೇಬನು ಕಂಪನಿಯ ಸರಕಾರಕ್ಕೆ ತಿರುಗಿಬಿದ್ದುದೂ, ಪೊಲಿಟಿಕಲ್ ಏಜಂಟನಾದ ಮ್ಯಾನ್ಸನನು ಸುರೇಬಾನದಲ್ಲಿ ಹತನಾದುದೂ, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದುದೂ ಚರಿತ್ರೆಯ ಸಂಗತಿಗಳು. ಆಳುವವರ ಕಾಗದಪತ್ರಗಳಲ್ಲಿ ಅದು ಕೊಲೆ. ಗುಡ್ಡದ ಕೆಳಗಿನ ಜನರ ಬಾಯಲ್ಲಿ ಅದು ಪರಾಕ್ರಮ. ಕೋಟೆಯ ಕಲ್ಲುಗಳು ಒಂದೇ, ಕಥೆಗಳು ಎರಡು. ಹೀಗೆ ಬೆಳೆದವರಿಗೆ ‘ರಾಶೋಮನ್’ ತಿಳಿಯದು ಎಂಬ ಮಾತನ್ನು ನಾನು ಒಪ್ಪಲಾರೆನು.

ಕನ್ನಡದಲ್ಲಿ ಈ ಕ್ರಮವನ್ನು ಬಳಸಿಕೊಂಡ ಚಿತ್ರವೆಂದರೆ ೨೦೧೪ರ ‘ಉಳಿದವರು ಕಂಡಂತೆ’. ರಕ್ಷಿತ್ ಶೆಟ್ಟಿಯವರು ಉಡುಪಿ, ಮಲ್ಪೆಗಳ ಕಡಲತೀರದಲ್ಲಿ ಒಂದು ಕೊಲೆಯ ಸುತ್ತ ಹಲವರ ನೋಟಗಳನ್ನು ಜೋಡಿಸಿದ್ದಾರೆ. ಹೆಸರಿನಲ್ಲಿಯೇ ಎಷ್ಟು ಚೆಲುವಿದೆ! ಆದರೆ ನನ್ನ ಓದಿಗೆ ಅಲ್ಲಿ ನೋಟಗಳು ಒಂದನ್ನೊಂದು ತುಂಬುತ್ತವೆಯೇ ಹೊರತು ಅಲ್ಲಗಳೆಯುವುದಿಲ್ಲ. ಒಬ್ಬನು ಕಾಣದುದನ್ನು ಇನ್ನೊಬ್ಬನು ಕಂಡಿರುತ್ತಾನೆ. ‘ಅಂದ ನಾಳ್’ ಚಿತ್ರದಲ್ಲಿಯೂ ಕೊನೆಗೆ ಕೊಲೆಗಾರರು ಯಾರೆಂದು ಬಯಲಾಗುತ್ತದೆ. ನಮ್ಮವರಿಗೆ ಸಂಶಯವನ್ನು ಹಾಗೆಯೇ ಬಿಟ್ಟು ಏಳುವುದು ಒಗ್ಗದು; ಮಂಗಳವಿಲ್ಲದೆ ಆಟ ಮುಗಿಯಬಾರದು. ಇದು ದೋಷವೆಂದು ನಾನು ಹೇಳುವುದಿಲ್ಲ. ಆದರೆ ಅನುಕರಣವು ಮೂಲದ ಮುಳ್ಳನ್ನು ಕಿತ್ತುಹಾಕಿ ಹಣ್ಣನ್ನು ಮಾತ್ರ ತೆಗೆದುಕೊಂಡಿದೆಯೆಂದು ಬಲ್ಲವರು ಅರಿತಿರಬೇಕು.

ಇನ್ನು ದೇಶಕಾಲದ ವಿಘ್ನ. ಉತ್ಸವವು ತನ್ನ ಸುತ್ತ ಹೂವಿನ ಚಿತ್ರಗಳನ್ನೂ ಉಡುಪುಗಳನ್ನೂ ತಿನಿಸುಗಳನ್ನೂ ಕಟ್ಟಿಕೊಂಡು ಬಂದಾಗ ನೋಡುವವನ ಮನಸ್ಸು ‘ಇದು ಜಪಾನು, ಇದು ಜಪಾನು’ ಎಂದು ಜಪಿಸುತ್ತ ಒಳಗೆ ಹೋಗುತ್ತದೆ. ಪರಗತವೆಂಬ ಭಾವನೆಯನ್ನು ಕಳೆಯಬೇಕಾದ ಸ್ಥಳದಲ್ಲಿಯೇ ಅದನ್ನು ಬೆಳಸಿ ಕಳುಹಿದಂತೆ. ಇದಕ್ಕೆ ಆಚಾರ್ಯನು ಹೇಳಿದ ಪರಿಹಾರವು ಪೂರ್ವರಂಗವೂ ಪ್ರಸ್ತಾವನೆಯೂ. ನಟಿಯೂ ಸೂತ್ರಧಾರನೂ ಬಂದು ನಾಲ್ಕು ಮಾತಾಡಿ ಸಭಿಕನನ್ನು ಅವನ ಮನೆಯಿಂದ ರಂಗಕ್ಕೆ ಕೈಹಿಡಿದು ಕರೆತರುವುದೇ ಅದರ ಪ್ರಯೋಜನ. ನಮ್ಮ ಶ್ರೀಕೃಷ್ಣಪಾರಿಜಾತದಲ್ಲಿ ಭಾಗವತನೂ ದೂತಿಯೂ ನಡಸುವ ಮಾತುಕತೆಯನ್ನು ನೆನೆದರೆ ಇದು ಸ್ಪಷ್ಟವಾಗುವುದು. ದ್ವಾರಕೆಯ ಮಾತು ಬಾಗಲಕೋಟೆಯ ಮಾತಾಗುವುದು ಆ ಭಾಗವತನಿಂದಲೇ.

ವಸ್ತುವು ಅತ್ಯಂತ ದೇಶೀಯವಾಗಿರುವುದರಿಂದ ಅನ್ಯರಿಗೆ ದೂರವಾಗುವುದೆಂಬ ಭಯ ಬೇಡ. ಕುರೋಸಾವಾನು ೧೯೫೭ರಲ್ಲಿ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಜಪಾನಿನ ಕೋಟೆಕೊತ್ತಲಗಳಲ್ಲಿಟ್ಟು, ನೋ ಎಂಬ ಪ್ರಾಚೀನ ನಾಟ್ಯದ ಮುಖವಾಡಗಳಂತೆ ನಟರ ಮುಖಗಳನ್ನು ನಿಲ್ಲಿಸಿ ಚಿತ್ರ ತೆಗೆದನು. ಇಪ್ಪತ್ತೆರಡು ವರ್ಷಗಳ ಬಳಿಕ, ೧೯೭೯ರಲ್ಲಿ, ನಮ್ಮ ಬಿ. ವಿ. ಕಾರಂತರು ದಿಲ್ಲಿಯಲ್ಲಿ ಅದೇ ನಾಟಕವನ್ನು ರಘುವೀರ ಸಹಾಯರ ಹಿಂದೀ ಅನುವಾದದಲ್ಲಿ ‘ಬರ್ನಮ್ ವನ’ವೆಂದು ಯಕ್ಷಗಾನದ ಗತಿಯಲ್ಲಿ ಆಡಿಸಿದರು. ಇಬ್ಬರೂ ಪರಕೀಯವಾದುದನ್ನು ತಮ್ಮ ಅಜ್ಜನ ಮನೆಯ ವೇಷದಲ್ಲಿ ನಿಲ್ಲಿಸಿದರು. ಯಕ್ಷಗಾನದ ಬಣ್ಣದ ವೇಷವನ್ನು ಕಂಡು ಬೆಳೆದವನಿಗೆ ಅಲುಗಾಡದ ಆ ನೋ ಮುಖಗಳ ಭಯಾನಕವು ಲಂಡನ್ನಿನವನಿಗಿಂತ ಬೇಗ ಹತ್ತುವುದೆಂದು ನನ್ನ ನಂಬಿಕೆ.

ಪ್ರತೀತಿಯ ಉಪಾಯಗಳು ಊನವಾಗಿರುವುದೆಂಬ ವಿಘ್ನದಲ್ಲಿಯೇ ನನ್ನ ಮುಖ್ಯ ತಕರಾರು ಇರುವುದು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಪ್ರದರ್ಶನಕ್ಕೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಹೋಗಿದ್ದೆನು. ಚಿತ್ರವು ಜಪಾನೀ ಭಾಷೆಯದು. ಪರದೆಯ ಕೆಳಗೆ ಇಂಗ್ಲಿಷ್ ಅಡಿಬರಹ. ನನ್ನ ಇಂಗ್ಲಿಷು ಶಬ್ದಕೋಶದ ಇಂಗ್ಲಿಷು. ನಿಧಾನವಾಗಿ ಓದಿದರೆ ಅರ್ಥವಾಗುತ್ತದೆ, ಓಡಿದರೆ ಆಗುವುದಿಲ್ಲ. ಎರಡು ಗಂಟೆಗಳ ಕಾಲ ನನ್ನ ಕಣ್ಣು ಪರದೆಯ ಬುಡದಲ್ಲಿಯೇ ಇದ್ದಿತು. ನಟರ ಪಾದಗಳನ್ನು ಚೆನ್ನಾಗಿ ನೋಡಿದೆನು. ಸಾತ್ತ್ವಿಕಾಭಿನಯವು ಮುಖದಲ್ಲಿ ನಡೆಯುತ್ತಿರುವಾಗ ಸಭಿಕನನ್ನು ಅಕ್ಷರ ಕೂಡಿಸಲು ಕೂಡಿಸಿದರೆ ರಸವು ಎಲ್ಲಿಂದ ಬರಬೇಕು? ಪಕ್ಕದಲ್ಲಿ ಕುಳಿತಿದ್ದ ತರುಣರಿಗೆ ಆ ಕಷ್ಟವಿರಲಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ಜಪಾನಿನ ಆನಿಮೆ ಚಿತ್ರಗಳನ್ನು ಅವರು ಮನೆಮಾತಿನಂತೆ ಬಲ್ಲರು. ಮಕೋತೊ ಶಿಂಕಾಯಿ ಎಂಬವನ ಚಿತ್ರವೊಂದು ನಮ್ಮ ದೇಶದ ಚಿತ್ರಮಂದಿರಗಳಿಗೆ ಬರಬೇಕೆಂದು ಐವತ್ತು ಸಾವಿರಕ್ಕೂ ಮಿಕ್ಕ ಜನ ಸಹಿಹಾಕಿ ಕೇಳಿಕೊಂಡು, ೨೦೧೯ರ ಅಕ್ಟೋಬರಿನಲ್ಲಿ ಅದು ಬಂದೇಬಂದಿತು. ಪಂಡಿತರನ್ನು ಕೇಳಿ ಅವರು ಸಹಿ ಹಾಕಲಿಲ್ಲ. ಆದುದರಿಂದ ನನ್ನ ವಾದವು ಎಲ್ಲರಿಗೂ ಸಲ್ಲುವುದೆಂಬ ಹಮ್ಮು ನನಗಿಲ್ಲ. ಇಂಗ್ಲಿಷಿನ ಹೊಸ್ತಿಲು ದಾಟದೆ ಉಳಿದಿರುವ ನನ್ನಂತಹ ಕನ್ನಡಿಗರ ಪಕ್ಷವನ್ನು ಹೇಳುತ್ತಿದ್ದೇನೆ. ಆ ಪಕ್ಷವು ಚಿಕ್ಕದಲ್ಲ.

ಸ್ವಾರಸ್ಯವೇನೆಂದರೆ ಈ ವಿಘ್ನಕ್ಕೆ ಪರಿಹಾರವನ್ನು ಕಂಡುಹಿಡಿದವರು ಜಪಾನಿನವರೇ. ಮೂಕಚಿತ್ರಗಳ ಕಾಲದಲ್ಲಿ ಅಲ್ಲಿ ಪರದೆಯ ಪಕ್ಕದಲ್ಲಿ ಒಬ್ಬನು ನಿಂತು, ಪಾತ್ರಗಳ ಮಾತುಗಳನ್ನು ಬೇರೆಬೇರೆ ಧ್ವನಿಯಿಂದ ಆಡುತ್ತ, ಪರದೇಶದ ನಡೆನುಡಿಗಳನ್ನು ವಿವರಿಸುತ್ತ ಕಥೆಯನ್ನು ನಡಸುವನು. ಇವನಿಗೆ ಬೆನ್‌ಶಿ ಎಂದು ಹೆಸರು. ಜನರು ಚಿತ್ರಕ್ಕಿಂತ ಬೆನ್‌ಶಿಯ ಹೆಸರನ್ನು ನೋಡಿ ಬರುತ್ತಿದ್ದರು. ಕುರೋಸಾವಾನ ಅಣ್ಣ ಹೇಗೋ ಎಂಬವನೂ ಬೆನ್‌ಶಿಯೇ. ತಮ್ಮನಿಗೆ ಪಾಶ್ಚಾತ್ಯ ಚಿತ್ರಗಳ ರುಚಿ ಹತ್ತಿಸಿದವನೂ ಅವನೇ. ವಾಕ್ಚಿತ್ರವು ಬಂದು ಬೆನ್‌ಶಿಗಳ ಅನ್ನ ಹೋಯಿತು. ಅವರು ಮುಷ್ಕರ ಹೂಡಿದರು, ಸೋತರು. ಆ ಮುಂದಾಳುಗಳಲ್ಲೊಬ್ಬನಾದ ಹೇಗೋ ೧೯೩೩ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಒಂದು ಕಲೆಯ ಮರಣವು ಹೀಗೆ ಒಂದು ಮನೆಯೊಳಗೇ ನಡೆದುಹೋಯಿತು. ಒಂದು ಘಟನೆಯನ್ನು ನಾಲ್ಕು ಬಾಯಿಗಳಿಂದ ಹೇಳಿಸಿದ ತಮ್ಮನ ಚಿತ್ರವನ್ನು ನೋಡುವಾಗ ಈ ಅಣ್ಣನ ಬಾಯಿ ನನಗೆ ನೆನಪಾಗದೆ ಇರುವುದಿಲ್ಲ. ಇದು ಪ್ರಮಾಣವಿಲ್ಲದ ಊಹೆ. ವಾಚಕರು ಬೇಕಾದರೆ ಬಿಡಬಹುದು.

ಬೆನ್‌ಶಿ ನಮಗೆ ಅಪರಿಚಿತನೇ? ಗದುಗಿನ ವೀರನಾರಾಯಣನ ಗುಡಿ ನರಗುಂದದಿಂದ ದೂರವಿಲ್ಲ. ಕುಮಾರವ್ಯಾಸನ ಭಾರತವನ್ನು ಗಮಕಿಯು ಹಾಡುವನು, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರನು ಅರ್ಥ ಹೇಳುವನು. ಪದ್ಯವು ಹಳೆಯದು, ಕೇಳುವವನು ಇಂದಿನವನು. ನಡುವಣ ಕಾಲುವೆಗೆ ಸೇತುವೆ ಕಟ್ಟುವುದೇ ವ್ಯಾಖ್ಯಾನ. ಕಾಲದ ದೂರಕ್ಕೆ ನಾವು ಮಾಡಿಕೊಂಡಿರುವ ಏರ್ಪಾಟನ್ನು ದೇಶದ ದೂರಕ್ಕೆ ಮಾಡಿಕೊಳ್ಳಲು ಏನು ಅಡ್ಡಿ?

ಅಡ್ಡಿಯಿಲ್ಲವೆಂದು ಮಾಡಿ ತೋರಿಸಿದ ಊರೊಂದು ಕನ್ನಡನಾಡಿನಲ್ಲಿದೆ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವು, ಎಂದರೆ ನೀನಾಸಮ್, ೧೯೭೩ರಲ್ಲಿ ಚಿತ್ರಸಮಾಜವೊಂದನ್ನು ತೆರೆಯಿತು. ಅದರ ಪ್ರಾಣವಾಗಿದ್ದ ಕೆ. ವಿ. ಸುಬ್ಬಣ್ಣನವರು ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಭಂಡಾರದಿಂದ ಸುರುಳಿಗಳನ್ನು ತರಿಸಿ ಅಡಕೆಯ ತೋಟದ ಜನರಿಗೆ ಲೋಕದ ಮಹಾಚಿತ್ರಗಳನ್ನು ತೋರಿಸಿದರು, ‘ರಾಶೋಮನ್’ ಅವುಗಳಲ್ಲೊಂದು. ಆ ಭಂಡಾರವನ್ನು ಕಟ್ಟಿದ ಪಿ. ಕೆ. ನಾಯರ್ ಅವರೂ, ಚಿತ್ರರಸಗ್ರಹಣವನ್ನು ಬೋಧಿಸುತ್ತಿದ್ದ ಸತೀಶ ಬಹಾದೂರ್ ಅವರೂ ಆ ಕೆಲಸಕ್ಕೆ ಒತ್ತಾಸೆಯಾದರು. ಚಿತ್ರವನ್ನು ಕುರಿತ ಮಾತುಕತೆಯು ಕನ್ನಡದಲ್ಲಿ ನಡೆಯಿತೆಂಬುದೇ ಇಲ್ಲಿ ಮುಖ್ಯ. ೧೯೯೧ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಹಳ್ಳಿಗರಿಗೆ ಇದೆಲ್ಲ ತಿಳಿಯದೆಂದು ತಲೆಯಾಡಿಸುತ್ತಿದ್ದವರು ಆ ಬಳಿಕ ಹೆಗ್ಗೋಡಿಗೆ ಯಾತ್ರೆ ಹೊರಟರು. ಗಾದೆ ಮತ್ತೆ ನಿಜವಾಯಿತು. ಮಹಾನಗರದ ಉತ್ಸವಕ್ಕೂ ಹೆಗ್ಗೋಡಿನ ಪ್ರದರ್ಶನಕ್ಕೂ ಇರುವ ಅಂತರವು ಪರದೆಯ ಅಗಲದ್ದಲ್ಲ. ಅಲ್ಲಿ ಚಿತ್ರವನ್ನು ತಂದಿಡುವರು. ಇಲ್ಲಿ ಚಿತ್ರಕ್ಕೂ ಜನರಿಗೂ ನಡುವೆ ಒಬ್ಬನು ನಿಂತನು.

ವ್ಯಾಖ್ಯಾನಕಾರನಿಂದ ಬರುವ ಅಪಾಯವನ್ನು ಮುಚ್ಚಿಡಬಾರದು. ಬೆನ್‌ಶಿಗಳಲ್ಲಿ ಕೆಲವರು ತಮ್ಮ ವಾಗ್ವೈಭವದಿಂದ ಚಿತ್ರವನ್ನೇ ನುಂಗುತ್ತಿದ್ದರೆಂದು ಅಂದಿನ ಚಿತ್ರಸುಧಾರಕರು ದೂರಿದ್ದಾರೆ. ಆ ದೂರು ಎಷ್ಟು ನಿಜವೆಂದು ನನಗೆ ನಮ್ಮ ಊರಿನಲ್ಲಿಯೇ ಗೊತ್ತಾಯಿತು.

ಹೋದ ವರ್ಷ ನಾವು ನಾಲ್ಕೈದು ಮಂದಿ ಅಧ್ಯಾಪಕರು ಸೇರಿ, ಗೋಡೆಗೆ ಬಿಳಿಯ ಧೋತರ ಕಟ್ಟಿ, ಯಾಸುಜಿರೊ ಓಝು ಎಂಬ ನಿರ್ದೇಶಕನ ೧೯೫೩ರ ‘ತೋಕ್ಯೊ ಕಥೆ’ಯನ್ನು ಓಣಿಯ ಹಿರಿಯರಿಗೆ ತೋರಿಸಿದೆವು. ಓನೊಮಿಚಿ ಎಂಬ ಸಣ್ಣ ಊರಿನ ವೃದ್ಧ ದಂಪತಿಗಳು ತೋಕ್ಯೊ ನಗರದಲ್ಲಿರುವ ಮಕ್ಕಳನ್ನು ನೋಡಲು ಹೋಗುವರು. ವೈದ್ಯನಾದ ಮಗನಿಗೆ ರೋಗಿಗಳ ಗಲಾಟೆ, ಮಗಳಿಗೆ ಅಂಗಡಿಯ ಗಲಾಟೆ. ಯುದ್ಧದ ಕಾಲದಲ್ಲಿ ತೀರಿಹೋದ ಇನ್ನೊಬ್ಬ ಮಗನ ವಿಧವೆ ನೊರಿಕೊ ಮಾತ್ರ ಕೆಲಸಕ್ಕೆ ರಜೆ ಹಾಕಿ ಅವರನ್ನು ಸುತ್ತಾಡಿಸುತ್ತಾಳೆ. ಮಕ್ಕಳು ಹಣ ಕೂಡಿಸಿ ತಂದೆತಾಯಿಗಳನ್ನು ಕಡಲತೀರದ ಬಿಸಿನೀರ ಊರಿಗೆ ಸಾಗಹಾಕುವರು. ಊರಿಗೆ ಮರಳಿದ ಮೇಲೆ ತಾಯಿ ತೀರಿಕೊಳ್ಳುವಳು. ಕಥೆಯೆಂದರೆ ಇಷ್ಟೇ. ಕ್ಯಾಮೆರಾ ಚಾಪೆಯ ಮೇಲೆ ಕುಳಿತವನ ಕಣ್ಣಿನ ಎತ್ತರದಲ್ಲಿರುತ್ತದೆ. ನಮ್ಮ ಪಡಸಾಲೆಯಲ್ಲಿ ಕುಳಿತವರು ಆ ಎತ್ತರವನ್ನು ಗುರುತಿಸಿದರು. ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಮಾತುಗಳನ್ನು ಹೇಳುತ್ತಿದ್ದೆನು.

ಬಿಸಿನೀರ ಊರಿನಿಂದ ವೃದ್ಧರು ಬೇಗ ಮರಳಿದಾಗ ಮಗಳು ಮುಖ ಸಿಂಡರಿಸುವ ದೃಶ್ಯದಲ್ಲಿ, ಇವಳು ಕೃತಘ್ನೆ ಎಂದು ನಾನು ವ್ಯಾಖ್ಯಾನ ಸೇರಿಸಿದೆನು. ಮುಂದೆ ಕುಳಿತಿದ್ದ ಒಬ್ಬ ಹಿರಿಯ ತಾಯಿ ತಟ್ಟನೆ, “ಮಕ್ಕಳು ಕೆಟ್ಟವರಲ್ಲರೀ, ಅವರಿಗೆ ಹೊತ್ತಿಲ್ಲ” ಎಂದರು. ಓಝುವನ್ನು ಕುರಿತು ಅಷ್ಟು ಒಪ್ಪವಾದ ಮಾತನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಆ ಚಿತ್ರದಲ್ಲಿ ಪ್ರತಿನಾಯಕನಿಲ್ಲ. ಕರುಣವಿದೆ; ಆದರೆ ಅದಕ್ಕೆ ಕಾರಣನೆಂದು ಬೆರಳು ಮಾಡಿ ತೋರಿಸಲು ಒಬ್ಬನೂ ಇಲ್ಲ. ಶೋಕಕ್ಕೆ ವಿಭಾವವು ಬರಿಯ ದಿನಚರಿ. ಇದನ್ನು ನಾನು ಗ್ರಂಥಗಳಿಂದ ತಿಳಿಯದೆ ಹೋದೆನು, ಆ ತಾಯಿ ಬದುಕಿನಿಂದ ತಿಳಿದಿದ್ದರು. ಇಂಗ್ಲಿಷ್ ಅಡಿಬರಹವಿದ್ದಿದ್ದರೆ ಆ ಮಾತು ಹುಟ್ಟುತ್ತಿರಲಿಲ್ಲ. ಕನ್ನಡದ ವ್ಯಾಖ್ಯಾನವಿದ್ದುದರಿಂದ ಹುಟ್ಟಿತು, ಅದೂ ವ್ಯಾಖ್ಯಾನದ ವಿರುದ್ಧವಾಗಿ.

ಕೊನೆಯಲ್ಲಿ ಮುದುಕನು ಒಬ್ಬನೇ ಕುಳಿತು ಬೀಸಣಿಗೆ ಆಡಿಸುವ ದೃಶ್ಯ. ಮೊದಲ ದೃಶ್ಯದಲ್ಲಿ ಗಂಡಹೆಂಡಿರಿಬ್ಬರನ್ನೂ ಮಾತಾಡಿಸಿ ಹೋದ ನೆರೆಯವಳು ಈಗಲೂ ಕಿಟಕಿಯಲ್ಲಿ ಬಂದು ಮಾತಾಡಿಸಿ ಹೋಗುತ್ತಾಳೆ. ಈಗ ಒಬ್ಬನೇ ಇದ್ದಾನೆ. ಶಾಂತವು ಪ್ರತ್ಯೇಕ ರಸವೇ ಅಲ್ಲವೇ ಎಂಬ ಚರ್ಚೆಯನ್ನು ಇಲ್ಲಿ ಒಂದೆರಡು ಮಾತಿನಲ್ಲಿ ಹೇಳೋಣವೆಂದು ನಾನು ಬಾಯಿ ತೆರೆದೆನು. ಹಿಂದಿನ ಸಾಲಿನಿಂದ ಒಬ್ಬ ಒಕ್ಕಲಿಗರು, “ಪಂಡಿತರ, ಸ್ವಲ್ಪ ಸುಮ್ಮನಿರ್ರಿ” ಎಂದರು. ಸುಮ್ಮನಾದೆನು. ದೋಣಿಯ ಸದ್ದು ಮಾತ್ರ ಕೇಳಿಸಿತು.

ಆದುದರಿಂದ ಚಿತ್ರೋತ್ಸವವನ್ನು ನಡಸುವವರಲ್ಲಿ ನನ್ನ ಬಿನ್ನಹ ದೊಡ್ಡದಲ್ಲ. ತರುವ ಚಿತ್ರಗಳಲ್ಲಿ ಎರಡಕ್ಕಾದರೂ ಕನ್ನಡದ ಅಡಿಬರಹವಿರಲಿ; ಚಿತ್ರಕ್ಕೆ ಮೊದಲು ಹತ್ತು ನಿಮಿಷ ಕನ್ನಡದಲ್ಲಿ ಪ್ರಸ್ತಾವನೆಯಿರಲಿ; ಬೆಂಗಳೂರಿನಿಂದ ಒಂದು ಪ್ರತಿ ಗದಗಿಗೋ ಧಾರವಾಡಕ್ಕೋ ಬರಲಿ. ಅಧ್ಯಾಪಕರಾದ ವಾಚಕರಲ್ಲಿಯೂ ಒಂದು ಬಿನ್ನಹವುಂಟು: ಕುರೋಸಾವಾನ ೧೯೫೨ರ ‘ಇಕಿರು’ ಚಿತ್ರವನ್ನು ನೀವು ನಿಮ್ಮ ಊರುಗಳಲ್ಲಿ ತೋರಿಸಿ ನೋಡಬೇಕು. ಕೊಳಚೆ ಮುಚ್ಚಿ ಮಕ್ಕಳಿಗೆ ಆಟದ ಬಯಲು ಮಾಡಿಕೊಡಿರೆಂದು ತಾಯಂದಿರು ಕೊಟ್ಟ ಅರ್ಜಿಯು ಮೇಜಿನಿಂದ ಮೇಜಿಗೆ ತಿರುಗುವುದು ಅದರಲ್ಲಿದೆ. ತಾಲೂಕು ಕಚೇರಿಯ ಮೆಟ್ಟಿಲು ಸವೆಸಿದ ನಮ್ಮ ಕಡೆಯ ರೈತನಿಗೆ ಆ ಭಾಗಕ್ಕೆ ವ್ಯಾಖ್ಯಾನವೇ ಬೇಡ. ಅಲ್ಲಿ ನೀವು ನೀರು ಕುಡಿದು ಸುಧಾರಿಸಿಕೊಳ್ಳಬಹುದು.

ಆ ದಿನ ದೀಪ ಹಚ್ಚಿದ ಮೇಲೆ ಅದೇ ಹಿರಿಯ ತಾಯಿ ನನ್ನನ್ನು ತಡೆದು, ನೊರಿಕೊ ಮುಂದೆ ಮತ್ತೊಂದು ಮದುವೆ ಮಾಡಿಕೊಂಡಳೋ ಇಲ್ಲವೋ ಎಂದು ಕೇಳಿದರು. ಮಾವನು ಅವಳಿಗೆ ತನ್ನ ಹೆಂಡತಿಯ ಗಡಿಯಾರವನ್ನು ಕೊಟ್ಟು ಹೊಸ ಬಾಳು ಹೂಡೆಂದು ಹೇಳಿದ್ದಾನೆ; ಅವಳು ಅದನ್ನು ಕೈಯಲ್ಲಿ ಹಿಡಿದು ರೈಲಿನಲ್ಲಿ ಕುಳಿತಿದ್ದಾಳೆ. ಅಲ್ಲಿಂದಾಚೆಗೆ ಓಝು ಏನನ್ನೂ ತೋರಿಸಿಲ್ಲ. ನಾನೂ ಏನನ್ನೂ ಹೇಳಲಿಲ್ಲ.